ಖಾಲಿ ಹೊಟ್ಟೆಯ ಪ್ರಶ್ನೆ

ಅವರಿಬ್ಬರಿಗೂ ಮೊದಲ ದಿನವೇ ಜಗಳವಾಯಿತು.

ಅವಳು ಅರಿವಳಿಕೆ ಡಾಕ್ಟರು. ಸೀಳುತುಟಿಯ ಮಕ್ಕಳಿಗೆ ಉಚಿತವಾಗಿ ಆಪರೇಷನ್ ಮಾಡುವ ತಂಡದ ಜೊತೆ ಎರಡು ವಾರದ ಮಟ್ಟಿಗೆ ದೂರದ ದೇಶವೊಂದಕ್ಕೆ ಬಂದಿದ್ದಳು. ಅವನು ಕುಡಿಯುವ ನೀರಿನ ಪಂಪು ಕೂರಿಸಲು ಬಂದು ಅಲ್ಲೇ ಹನ್ನೊಂದು ವರ್ಷ ಕಳೆದ ಮೆಕ್ಯಾನಿಕ್. ಅಲ್ಲಿಯ ಮಾತೂ ನಮ್ಮ ಮಾತೂ ಎರಡೂ ಬಲ್ಲವನು ಅವನೊಬ್ಬನೇ ಆದ್ದರಿಂದ ತಂಡದವರು ದುಭಾಷಿಯಾಗಿ ಕರೆತಂದಿದ್ದರು. ಎಲ್ಲರ ಬಾಯಲ್ಲೂ ಅವನು ಪಂಪಣ್ಣ.

ಅರಿವಳಿಕೆ ಕೊಡಲು ಹೊಟ್ಟೆ ಖಾಲಿ ಇರಬೇಕು. ಮಗು ಬೆಳಿಗ್ಗೆಯಿಂದ ಏನಾದರೂ ತಿಂದಿದೆಯೇ ಎಂದು ಅವಳು ಕೇಳಿದರೆ, ಅವನು ತಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಹತ್ತು ನಿಮಿಷ ಹರಟಿ, ನಗಿಸಿ, ಕೊನೆಗೆ "ಇಲ್ವಂತೆ" ಎಂದು ಒಂದೇ ಮಾತು ತರುತ್ತಿದ್ದ. ಹೊರಗೆ ಸಾಲು ಕಾಂಪೌಂಡು ದಾಟಿತ್ತು. ನಾಲ್ಕನೇ ಮಗುವಿನ ಹೊತ್ತಿಗೆ ಅವಳ ತಾಳ್ಮೆ ಕೆಟ್ಟಿತು.

"ನಾನು ಕೇಳಿದ್ದನ್ನಷ್ಟೇ ಕೇಳಿ. ಅವರು ಹೇಳಿದ್ದನ್ನಷ್ಟೇ ಹೇಳಿ. ನಿಮ್ಮದೇನೂ ಸೇರಿಸಬೇಡಿ."

ಅವನು ಒಂದು ಕ್ಷಣ ಅವಳ ಮುಖವನ್ನೇ ನೋಡಿದ. ಕಣ್ಣಂಚಿನಲ್ಲಿದ್ದ ನಗು ಆರಿತು. "ಆಗಲಿ ಡಾಕ್ಟ್ರೇ," ಎಂದ.

ಅಂದಿನಿಂದ ಅಳೆದು ತೂಗಿದ ಮಾತು. ಸಾಲು ಬೇಗ ಕರಗಿತು. ಆದರೆ ಟೀ ಕುಡಿಯುವಾಗ ಅವನು ಬೇರೆ ಬೆಂಚು ಹಿಡಿದು ಕೂತರೆ ಅವಳಿಗೆ ಏನೋ ಇರುಸುಮುರುಸು. ಅವನು ಯಾರೊಂದಿಗೋ ನಕ್ಕರೆ ಕತ್ತು ತಾನಾಗಿ ಅತ್ತ ತಿರುಗುತ್ತಿತ್ತು. ಸಿಕ್ಕಿಬಿದ್ದಾಗ ಸ್ಟೆತಾಸ್ಕೋಪ್ ಒರೆಸುವಳು.

ಆರನೇ ದಿನ, ಎರಡು ದಿನ ನಡೆದು ಬಂದ ತಾಯಿಯೊಬ್ಬಳು ನಾಲ್ಕು ವರ್ಷದ ಮಗಳನ್ನು ಮುಂದೆ ನಿಲ್ಲಿಸಿದಳು. ಏನಾದರೂ ತಿಂದಿದ್ದಾಳಾ? ಅವನು ಅಷ್ಟನ್ನೇ ಕೇಳಿದ. ತಾಯಿ ಇಲ್ಲವೆಂದಳು. ಅವನು ಇನ್ನೇನೋ ಹೇಳಹೋಗಿ, ಡಾಕ್ಟರ ಪೆನ್ನು ಆಗಲೇ ಫಾರಂ ಮೇಲೆ ಓಡುತ್ತಿದ್ದುದನ್ನು ಕಂಡು ಸುಮ್ಮನಾದ.

ಟೇಬಲ್ ಮೇಲೆ ಮಗು ಮಂಪರಿಗೆ ಜಾರಿದ್ದೇ ತಡ, ಬಾಯಿಂದ ಹಾಲು ಉಕ್ಕಿತು.

ಅವಳು ಮಗುವಿನ ಮುಖದ ಮಾಸ್ಕ್ ಕಿತ್ತಳು. ಮಗುವನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕಡೆ ಟೇಬಲ್ ಇಳಿಸಲು ಕೂಗಿದಳು. ಹಾಲು ಹೀರುವ ಸಕ್ಷನ್ ಗೊರಗುಟ್ಟಿತು. ಮಾನಿಟರಿನಲ್ಲಿ ಆಮ್ಲಜನಕದ ಅಂಕಿ ತೊಂಬತ್ತರಿಂದ ಎಪ್ಪತ್ತಕ್ಕೆ, ಅಲ್ಲಿಂದ ಐವತ್ತೆಂಟಕ್ಕೆ. ತುಟಿ ನೀಲಿಗಟ್ಟಿತು. ಹಾಲಿನ ನಡುವೆ ಗಂಟಲು ಕಾಣುತ್ತಿರಲಿಲ್ಲ. ಮೊದಲ ಸಲ ಉಸಿರಿನ ಟ್ಯೂಬ್ ಹೋಗಲಿಲ್ಲ. ಎರಡನೆಯ ಸಲ ಹೋಯಿತು. ಅವಳು ಗಾಳಿ ತುಂಬುವ ಬ್ಯಾಗ್ ಒತ್ತುತ್ತಲೇ ಇದ್ದಳು. ಅರವತ್ತೆರಡು. ಎಪ್ಪತ್ತೊಂದು. ತೊಂಬತ್ತು ಕಂಡಾಗ ಸರ್ಜನ್ ಗೋಡೆಗೆ ಒರಗಿ, ಇವತ್ತು ಆಪರೇಷನ್ ಬೇಡ ಎಂದರು.

ಹೊರಗೆ ಅವನು ತಾಯಿಯ ಪಕ್ಕ ನೆಲದ ಮೇಲೆ ಕೂತಿದ್ದ. ಡಾಕ್ಟರು ಹೊರಬಂದು, ಮಗು ಉಸಿರಾಡುತ್ತಿದೆ ಎಂದಳು. ಅವನು ಅದನ್ನು ದಾಟಿಸಿದ. ತಾಯಿ ಅಳುತ್ತ ಹೇಳಿದ್ದನ್ನು ಇವಳಿಗೆ ತಿಳಿಸಿದ. ನಿಜ ಹೇಳಿದರೆ ವಾಪಸು ಕಳಿಸುತ್ತಾರೆಂದು ಹೆದರಿದ್ದಳಂತೆ.

"ನನಗೆ ಅನುಮಾನ ಇತ್ತು," ಅವನು ಒಪ್ಪಿಕೊಂಡ. "ನಿಮ್ಮ ಮೇಲಿನ ಸಿಟ್ಟಿಗೆ ಬಾಯಿ ಬಿಡಲಿಲ್ಲ."

"ಆ ಬಾಯಿ ಕಟ್ಟಿದವಳು ನಾನು," ಎನ್ನುತ್ತ ಅವಳೂ ನೆಲಕ್ಕೆ ಕುಸಿದು ಕೂತಳು. ಬ್ಯಾಗ್ ಒತ್ತಿ ಒತ್ತಿ ಕೈ ಮರಗಟ್ಟಿತ್ತು. ಅವನು ಅದನ್ನು ತನ್ನೆರಡು ಕೈಯಲ್ಲಿ ಹಿಡಿದು, ಬೆರಳು ಸಡಿಲಾಗುವವರೆಗೂ ಬಿಡಲಿಲ್ಲ.

ಮರುದಿನದಿಂದ ಅವಳು ತಾಯಂದಿರ ಪಕ್ಕವೇ ಕೂತಳು. ಮನೆಯಲ್ಲಿ ಯಾರು ಯಾರಿದ್ದಾರೆ, ದಾರಿಯಲ್ಲಿ ಮಗು ಅತ್ತಿತೇ, ಅತ್ತಾಗ ಏನು ಕೊಟ್ಟಿರಿ ಎಂದು ಸುತ್ತಿ ಬಳಸಿ ಕೇಳುವುದನ್ನು ಅವನಿಂದ ಕಲಿತಳು. ತಿಂದಿದ್ದರೆ ನಾಳೆ ಮಾಡುತ್ತೇವೆ, ಯಾರನ್ನೂ ವಾಪಸು ಕಳಿಸುವುದಿಲ್ಲ ಎಂದು ಮೊದಲೇ ಹೇಳುವುದನ್ನೂ ಕಲಿತಳು. ಹಾಲು ಶ್ವಾಸಕೋಶಕ್ಕೆ ಇಳಿದು ಆ ಪುಟ್ಟಿಗೆ ಜ್ವರ ಏರೀತೇನೋ ಎಂದು ಇಬ್ಬರೂ ಸರದಿಯ ಮೇಲೆ ಕಾದರು. ಏರಲಿಲ್ಲ. ಶಿಬಿರದ ಕೊನೆಯ ದಿನ ಪುಟ್ಟಿಯ ತುಟಿ ಹೊಲಿದರು. ಆ ಒಂದು ಗಂಟೆ ಡಾಕ್ಟರು ಮಾನಿಟರಿನಿಂದ ಕಣ್ಣು ಕೀಳಲಿಲ್ಲ. ಬಾಗಿಲ ಗಾಜಿನಾಚೆ ನಿಂತವನು ಡಾಕ್ಟರಿಂದ ಕಣ್ಣು ಕೀಳಲಿಲ್ಲ.

ತಂಡ ಪೆಟ್ಟಿಗೆ ಕಟ್ಟುತ್ತಿದ್ದಾಗ ಅವನು ಎದುರಿಗೆ ಬಂದು ನಿಂತ.

"ಹೋಗಬೇಡಿ ಅನ್ನೋಕೆ ನಾನ್ಯಾರು? ಆದರೂ ಹೇಳದೆ ಇರೋಕಾಗಲ್ಲ. ನೀವಂದ್ರೆ ನನಗೆ ತುಂಬ ಇಷ್ಟ."

ಅವಳ ಕಿವಿ ಬಿಸಿಯಾಯಿತು. ಅಲ್ಲೇ ನಿಂತು ಮನೆಗೆ ಫೋನ್ ಮಾಡಿದಳು. ಹೊಲಿಗೆ ಬಿಚ್ಚುವವರೆಗೂ ಮಕ್ಕಳನ್ನು ನೋಡಿಕೊಳ್ಳಬೇಕು, ಇನ್ನೊಂದು ತಿಂಗಳು ಇಲ್ಲೇ ಇರುತ್ತೇನೆ ಎಂದಳು.

ಅಮ್ಮ ತಟ್ಟನೆ ಕೇಳಿದರು. "ಹೊಲಿಗೆ ಬಿಚ್ಚೋಕೆ ಅರಿವಳಿಕೆ ಡಾಕ್ಟರು ಯಾಕಮ್ಮ? ಪಕ್ಕದಲ್ಲಿ ಯಾರಿದ್ದಾರೋ, ಅವರ ಕೈಗೆ ಫೋನ್ ಕೊಡು."

ಅವಳು ಕೊಟ್ಟಳು.