ಬುಗುರಿ ಮೇಷ್ಟ್ರು

"ಏಳಿ ಮೇಲೆ!"

ಮೊದಲ ಸಾಲಿನಲ್ಲಿ ಕೂತಿದ್ದ ಯುವಕ ಬೆಚ್ಚಿ ತಲೆ ಎತ್ತಿದ.

"ನಿಮಗೇ ಹೇಳ್ತಿರೋದು. ಅದು ಮೇಷ್ಟ್ರ ಕುರ್ಚಿ. ಹಿಂದೆ ಅಷ್ಟೊಂದು ಖಾಲಿ ಐತಲ್ಲ, ಅಲ್ಲೋಗಿ ಕೂತ್ಕೊಳ್ಳಿ."

ಹೀಗೆ ಗದರಿಸಿದವಳು ಸಫೂರಾ. ಒಂದು ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಸ್ಟೀಲ್ ಡಬ್ಬಿ, ಮುಖದಲ್ಲಿ ಕೆಂಡದಂಥ ಸಿಟ್ಟು!

"ಯಾವ ಮೇಷ್ಟ್ರು?" ಎಂದ ಅವನು ಮೆಲ್ಲಗೆ.

"ಬುಗುರಿ ಮೇಷ್ಟ್ರು. ವಯಸ್ಸಾದೋರು. ಸೊಂಟ ನೋವಿರುತ್ತೆ ಅಂತ ದಿಂಬು ಹಾಕ್ಸಿದೀನಿ, ಕಾಣಿಸ್ತಿಲ್ವಾ?"

"ಸೊಂಟ ನೋವು ಅಂತ ಅವರೇ ಹೇಳಿದ್ರಾ?"

"ಹೇಳ್ಬೇಕಾ? ಆ ವಯಸ್ಸಲ್ಲಿ ಯಾರಿಗಿರಲ್ಲ!"

ಅವನು ಎದ್ದು ನಿಂತು ದಿಂಬನ್ನು ಸರಿಮಾಡಿಟ್ಟ. ಉಗುರಂಚಿನಲ್ಲಿ ಬೊಂಬೆಗೆ ಹಚ್ಚುವ ಅರಗಿನ ಕೆಂಪು ಅಂಟಿತ್ತು. ಕಣ್ಣಿನಲ್ಲಿ ನಗುವೋ ಭಯವೋ... ಎರಡೂ ಇತ್ತೆಂದು ಕಾಣುತ್ತದೆ.

"ಡಬ್ಬೀಲಿ ಏನೈತೆ?"

"ಪಾಯಸ. ಹಲ್ಲಿಲ್ದೋರೂ ತಿನ್ನೋ ಹಂಗೆ ಬೇಯ್ಸಿರೋದು. ನಿಮಗಲ್ಲ!"

"ಗೊತ್ತಾಯ್ತು ಬುಡಿ," ಎಂದು ಅವನು ಹಿಂದಿನ ಸಾಲಿಗೆ ಹೋದ.

ಎಂಥಾ ಜನ ಇರ್ತಾರಪ್ಪಾ! ಎಂದುಕೊಂಡಳು ಸಫೂರಾ. ಆದರೂ ಒಮ್ಮೆ ತಿರುಗಿ ನೋಡಿದಳು. ಯಾಕೆ ನೋಡಿದೆ ಎಂದು ಅವಳಿಗೇ ತಿಳಿಯಲಿಲ್ಲ.

ಅವತ್ತು ಭಾನುವಾರ. ರಾಮನಗರದ ಸಮುದಾಯ ಭವನದಲ್ಲಿ ವೆಬ್‌ಸೈಟ್ ಕಟ್ಟುವವರ ಸಮ್ಮೇಳನ. ಕನಕಪುರ, ಮಾಗಡಿ, ಚನ್ನಪಟ್ಟಣದ ಕಡೆಯಿಂದೆಲ್ಲ ನೂರಕ್ಕೂ ಹೆಚ್ಚು ಮಂದಿ ಬಂದಿದ್ದರು. ಬಂದವರಲ್ಲೇ ಕೆಲವರು ವೇದಿಕೆ ಹತ್ತಿ ತಮಗೆ ಗೊತ್ತಿದ್ದನ್ನು ಉಳಿದವರಿಗೆ ಹೇಳಿಕೊಡುವುದು ಈ ಸಮ್ಮೇಳನದ ರೀತಿ. ರೇಷ್ಮೆ ನೂಲು ತೆಗೆಯುವ ಬಾಬಾಜಾನರ ಮಗಳು ಸಫೂರಾ ಊಟದ ನಂತರ ಮಾತಾಡಬೇಕಿತ್ತು. ಊರಿನ ಕ್ಲಿನಿಕ್ಕು, ಅಂಗಡಿ, ಟ್ಯೂಷನ್‌ಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ಅವಳ ವೃತ್ತಿ. ಬಿಡುವಿನಲ್ಲಿ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ವೆಬ್‌ಸೈಟ್ ತಂತ್ರಾಂಶವೊಂದನ್ನು ಕನ್ನಡಕ್ಕೆ ತರುತ್ತಿದ್ದಳು.

ಅವಳು ತನ್ನ ಹೆಸರು, ಊರು ಹಾಕಿಯೇ ಕಳಿಸಿದ ಪ್ರತಿ ಪದವನ್ನೂ ಪರಿಶೀಲಿಸುವವರು ಒಬ್ಬರಿದ್ದರು. ಹೆಸರಿಲ್ಲ, ಫೋಟೊ ಇಲ್ಲ, ಖಾತೆಯ ಹೆಸರು 'ಬುಗುರಿ' ಅಷ್ಟೇ. ಅವರ ಬರವಣಿಗೆಯೋ, ಸರ್ಕಾರಿ ನೋಟೀಸು! 'ತಾವು ಸೂಚಿಸಿರುವ ಪದವು ಸಮಂಜಸವಾಗಿರುವುದಿಲ್ಲ. ಮರುಪರಿಶೀಲಿಸತಕ್ಕದ್ದು.'

ಇಷ್ಟು ಸಾಕಾಯಿತು ನಮ್ಮ ಸಫೂರಾಳಿಗೆ. ನಿವೃತ್ತ ಕನ್ನಡ ಮೇಷ್ಟ್ರು, ಎಪ್ಪತ್ತರ ಆಸುಪಾಸು, ಕೈಯಲ್ಲಿ ಊರುಗೋಲು ಎಂದು ತಾನೇ ಚಿತ್ರ ಬರೆದುಕೊಂಡು 'ಮೇಷ್ಟ್ರೇ' ಎಂದು ಕರೆಯತೊಡಗಿದಳು. ಅತ್ತಲಿಂದ ಇಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ.

ಎರಡು ವರ್ಷ! ಪದಗಳ ಜಗಳ ಮೆಲ್ಲಗೆ ಮನಸ್ಸಿನ ಮಾತಾಯಿತು. ಗಿರಾಕಿ ಬೈದ ದಿನ, ಅಬ್ಬಾಜಾನ್‌ಗೆ ಹುಷಾರಿಲ್ಲದ ದಿನ, ಸುಮ್ಮನೆ ಅಳು ಬಂದ ದಿನ... ಎಲ್ಲವನ್ನೂ ಅವರಿಗೆ ಬರೆದಳು. ಆ ಕಡೆಯಿಂದ ಬರುವುದು ಎರಡೇ ಸಾಲು. 'ತಮ್ಮ ದುಃಖ ಅರ್ಥವಾಯಿತು. ಊಟ ಮಾಡುವುದು.' ಅಷ್ಟಕ್ಕೇ ಅವಳ ಎದೆ ಹಗುರಾಗುತ್ತಿತ್ತು. ಲೋಕದಲ್ಲಿ ತನ್ನ ಮಾತನ್ನು ಪೂರ್ತಿ ಕೇಳುವ ಒಂದೇ ಜೀವ ಅದು ಎಂದು ನಂಬಿಬಿಟ್ಟಿದ್ದಳು.

ಅಂಥ ಮೇಷ್ಟ್ರನ್ನು ಇವತ್ತು ಕಣ್ಣಾರೆ ನೋಡಬೇಕು. 'ಸಮ್ಮೇಳನಕ್ಕೆ ಹಾಜರಿರುತ್ತೇನೆ' ಎಂದು ಬರೆದಿದ್ದರಲ್ಲ! ಆದರೆ ಹನ್ನೊಂದು ಗಂಟೆಯಾದರೂ ದಿಂಬಿನ ಕುರ್ಚಿ ಖಾಲಿಯೇ ಇತ್ತು. ಬಸ್ಸು ಸಿಗಲಿಲ್ಲವೋ ಏನೋ... ಅವಳ ಕಣ್ಣು ಬಾಗಿಲಲ್ಲೇ ನೆಟ್ಟಿತ್ತು.

ಆಗ ಸಂಘಟಕ ಶಿವಕುಮಾರ್ ಮೈಕ್ ಹಿಡಿದ. ಸಾತನೂರಿನವನು, ದೊಡ್ಡ ದನಿ.

"ಮುಂದಿನ ಭಾಷಣಕಾರರು ಚನ್ನಪಟ್ಟಣದ ಫರ್ಹಾನ್. ಬೊಂಬೆ ಮಾಡೋ ಸಾದಿಕ್ ಸಾಹೇಬ್ರ ಮಗ. ನಮ್ಮ ತಂತ್ರಾಂಶದ ಕನ್ನಡಾನ ಕಾಯೋ 'ಬುಗುರಿ' ಅಂದ್ರೆ ಇವ್ರೇ ಕಣ್ರಪ್ಪಾ! ಜೋರಾಗಿ ಚಪ್ಪಾಳೆ ಬರ್ಲಿ!"

ಸಫೂರಾ ದಿಂಬಿನ ಕುರ್ಚಿಯತ್ತ ನೋಡಿದಳು.

ಹಿಂದಿನ ಸಾಲಿನಿಂದ ಎದ್ದು ವೇದಿಕೆ ಹತ್ತಿದವನು ಅವನೇ. ಅರಗಿನ ಉಗುರಿನ ಹುಡುಗ!

"ನಾನು ಏಳನೇ ಕ್ಲಾಸ್‌ವರೆಗೂ ಉರ್ದು ಮೀಡಿಯಂ," ಎಂದು ಶುರುಮಾಡಿದ ಫರ್ಹಾನ್. "ಕನ್ನಡ ಬೀದೀಲಿ ಮಾತಾಡ್ತಿದ್ದೆ. ಬರೆಯೋದು ಕಲ್ತಿದ್ದು ಮಾತ್ರ ನಿಘಂಟು, ಸರ್ಕಾರಿ ಅರ್ಜಿ ನೋಡ್ಕೊಂಡು. ಅದಕ್ಕೇ ನಾನು ಬರೆದ್ರೆ ಮುದುಕನ ಥರ ಇರುತ್ತೆ."

ಸಭೆ ನಕ್ಕಿತು. ಅವಳು ನಗಲಿಲ್ಲ.

"ಇವತ್ತು ನಾನು ಮಾಡಿದ ಒಂದು ತಪ್ಪು ಹೇಳಕ್ಕೆ ಬಂದಿದೀನಿ. ಲಾಗ್‌ಔಟ್ ಬಟನ್‌ಗೆ ಒಬ್ರು 'ಹೋಗಿ ಬನ್ನಿ' ಅಂತ ಬರೆದಿದ್ರು. ನಾನು ತಿರಸ್ಕರಿಸಿ 'ನಿರ್ಗಮಿಸಿ' ಅಂತ ಹಾಕ್ದೆ. ಮಾರ್ನೇ ದಿನ ಮನೆ ಬಿಡುವಾಗ 'ಬತ್ತೀನಿ ಅಮ್ಮಿ' ಅಂದೆ. ಅವಾಗ ತಲೆಗೆ ಹೊಳೀತು. ನಮ್ಮ ಮನೇಲಿ ಯಾರಾದ್ರೂ 'ಹೋಗ್ತೀನಿ' ಅಂತಾರಾ? ನಾವು ಹೋಗೋದನ್ನೂ ಬರೋದು ಅಂತ್ಲೇ ಹೇಳೋರು. ಅವರ ಪದಾನೇ ಸರಿ ಇತ್ತು. ಅದನ್ನ ಬರೆದ ಸಫೂರಾ ಇಲ್ಲೇ ಅವ್ರೆ. ಅವರ ಹತ್ರ ಎಲ್ರ ಮುಂದೆ ತಪ್ಪಾಯ್ತು ಅಂತೀನಿ."

ಎಲ್ಲರೂ ಅವಳತ್ತ ತಿರುಗಿ ಚಪ್ಪಾಳೆ ತಟ್ಟಿದರು. ಬೇರೆ ದಿನವಾಗಿದ್ದರೆ ಅವಳು ಆಕಾಶದಲ್ಲಿ ತೇಲುತ್ತಿದ್ದಳು. ಆದರೆ ಅವಳ ತಲೆಯಲ್ಲಿ ಓಡುತ್ತಿದ್ದದ್ದೇ ಬೇರೆ.

ಚನ್ನಪಟ್ಟಣ... ಬೊಂಬೆ ಅಂಗಡಿ... ಫರ್ಹಾನ್!

ಮೂರು ತಿಂಗಳ ಹಿಂದೆ ಅಮ್ಮಿ ತಂದ ಸಂಬಂಧ ಇದೇ ಅಲ್ಲವೇ! ಫೋಟೊ ಕೂಡ ನೋಡದೆ ಅವಳು ಮೇಷ್ಟ್ರಿಗೆ ಬರೆದಿದ್ದಳು: 'ಬೊಂಬೆ ಅಂಗಡಿಯವರಂತೆ. ನನ್ನ ಕೆಲಸ ಅವರಿಗೇನು ಅರ್ಥವಾಗುತ್ತೆ? ನಾನು ನಿಮ್ಮ ಮಗಳಾಗಿದ್ದರೆ ಏನು ಹೇಳುತ್ತಿದ್ದಿರಿ ಮೇಷ್ಟ್ರೇ?'

ಮಾರನೆಯ ದಿನ ಉತ್ತರ ಬಂದಿತ್ತು. 'ಮನಸ್ಸಿಗೆ ಒಪ್ಪದಿದ್ದಲ್ಲಿ ನಿರಾಕರಿಸುವುದೇ ಸೂಕ್ತ.'

ಅವಳು ನಿರಾಕರಿಸಿದ್ದಳು. ಹಾಗಾದರೆ... ನನ್ನನ್ನು ಬೇಡ ಅಂದದ್ದು ಅವನೇ! ಮೇಷ್ಟ್ರ ದನಿಯಲ್ಲಿ, ನನ್ನ ಬಾಯಿಂದಲೇ ಬೇಡ ಅನ್ನಿಸಿಬಿಟ್ಟ!

ಊಟದ ಸಾಲು ಮುಗಿಯುತ್ತ ಬಂದಿತ್ತು, ಮುದ್ದೆ ಬಸ್ಸಾರಿನ ಘಮ ಇನ್ನೂ ಹರಡಿತ್ತು. ಭವನದ ಹಿಂದೆ ನೀರಿನ ತೊಟ್ಟಿಯ ಬಳಿ ಫರ್ಹಾನ್ ಅವಳನ್ನು ಹಿಡಿದು ನಿಲ್ಲಿಸಿದ. ಕೈಯಿಂದಲ್ಲ, ಹೆಸರಿಂದ.

"ಸಫೂರಾ! ಒಸಿ ನಿಂತ್ಕೊಳ್ಳಿ..."

ಅವಳು ತಿರುಗಿದಳು. ಕಣ್ಣು ತುಂಬಿತ್ತು. ಡಬ್ಬಿಯನ್ನು ಅವನ ಎದೆಗೆ ಒತ್ತಿದಳು.

"ತಗೊಳ್ಳಿ! ಹಲ್ಲಿಲ್ದೋರಿಗೆ ಅಂತ ಮಾಡಿಸ್ಕೊಂಡು ಬಂದೆ. ಮೂವತ್ತೆರಡು ಹಲ್ಲಿಟ್ಕೊಂಡು ತಿನ್ನಿ!"

"ಬೆಳಿಗ್ಗೇನೇ ಹೇಳೋಣ ಅಂತಿದ್ದೆ. ನೀವು ದಿಂಬು, ಸೊಂಟ ಅಂದಾಗ ಬಾಯೇ ಬರ್ಲಿಲ್ಲ..."

"ಬೆಳಿಗ್ಗೆ ವಿಷ್ಯ ಯಾರಿಗೆ ಬೇಕು? ನಾನು ಬರೆದಿದ್ದು ನಿಮ್ಮ ಮನೆ ಸಂಬಂಧದ ವಿಷ್ಯ ಅಂತ ಅವತ್ತು ನಿಮಗೆ ಗೊತ್ತಿತ್ತಾ, ಇಲ್ವಾ?"

ಅವನು ತಲೆ ತಗ್ಗಿಸಿದ. "ಗೊತ್ತಿತ್ತು."

"ನಿಮಗೆ ನಾನು ಬೇಡವಾಗಿದ್ರೆ ನೇರವಾಗಿ ಹೇಳ್ಬೇಕಿತ್ತು. ನನ್ನ ಕೈಲೇ ಬೇಡ ಅನ್ನಿಸೋ ನಾಟಕ ಯಾಕೆ? ನನ್ನ ಮೇಷ್ಟ್ರನ್ನೂ ಕಿತ್ಕೊಂಡ್ರಲ್ರೀ..."

"ಹಂಗಲ್ಲ ಕಣ್ರೀ! ನಾನು..."

"ಫರ್ಹಾನ್! ಲೇ, ಪ್ರೊಜೆಕ್ಟರ್ ಕೈಕೊಡ್ತು, ಬಾರ್ಲಾ ಬೇಗ!" ಎಂದು ಶಿವಕುಮಾರ್ ಒಳಗಿಂದ ಕೂಗಿದ. ಆ ಒಂದು ಕ್ಷಣದಲ್ಲಿ ಅವಳು ಗೇಟು ದಾಟಿಬಿಟ್ಟಿದ್ದಳು.

ಭಾಷಣವೂ ಬೇಡ, ಏನೂ ಬೇಡ. ಆಟೋಗೆ ಕೈ ಅಡ್ಡ ಹಿಡಿದಳು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಅಮ್ಮಿ ಸಾಬಿರಾ.

"ಮೇಷ್ಟ್ರು ತಿಂದ್ರೇನೇ? ಬೆಲ್ಲ ಹೆಚ್ಚಾಯ್ತು ಅಂದ್ರಾ?"

ಸಫೂರಾಳ ಅಳು ಒಡೆಯಿತು. "ಅಮ್ಮಿ... ಮೇಷ್ಟ್ರೇ ಇಲ್ಲ ಅಮ್ಮಿ. ಆ ಚನ್ನಪಟ್ಟಣದ ಫರ್ಹಾನೇ ಮೇಷ್ಟ್ರು. ಅವನಿಗೆ ನಾನು ಬೇಡವಾಗಿದ್ದೆ, ಅದಕ್ಕೇ..."

"ಯಾ ಅಲ್ಲಾ! ಯಾರಂದಿದ್ದು ಬೇಡ ಅಂತ?"

"ಇನ್ಯಾರು? ಅವನೇ."

"ಹುಚ್ಚಿ! ಅವರ ತಾಯಿ ನಮ್ಮನೇಗೆ ಬಂದು ಏನಂದ್ರು ಗೊತ್ತಾ? 'ಒಂದು ವರ್ಷದಿಂದ ಪೀಡಿಸ್ತಾವ್ನೆ. ನಿಮ್ಮ ಹುಡುಗಿ ಹೆಸರು ಬಿಟ್ಟು ಬೇರೆ ಹೆಸರು ಕೇಳಕ್ಕೇ ತಯಾರಿಲ್ಲ. ಅವಳ ಕೆಲಸ ಬಿಡಿಸ್ಬಾರ್ದು ಅಂತ ನಮಗೇ ಷರತ್ತು ಹಾಕವ್ನೆ' ಅಂದ್ರು. ಅದನ್ನ ನಿಂಗೆ ಹೇಳಕ್ಕೆ ಬಂದ್ರೆ ನೀನು ದಢಾರ್ ಅಂತ ಬಾಗ್ಲು ಹಾಕ್ಕೊಂಡೆ!"

ಆಟೋ ಬಂದು ಅವಳ ಮುಂದೆ ನಿಂತಿತು.

"ಮೇಡಂ, ಹತ್ತುತೀರಾ ಇಲ್ವಾ?" ಎಂದ ಆಟೋದವನು.

"ಇಲ್ಲ ಕಣಣ್ಣ... ಹೋಗು."

ಅವಳು ಓಡಿದಳು. ಹೌದು, ಅಕ್ಷರಶಃ ಓಡಿದಳು!

ಒಳಗೆ ಶಿವಕುಮಾರ್ ಅವಳ ಹೆಸರು ಕೂಗುತ್ತಿದ್ದ. ಏದುಸಿರಿನಲ್ಲೇ ವೇದಿಕೆ ಹತ್ತಿ, ಅಂಗಡಿಯವರು ವೆಬ್‌ಸೈಟಿನಲ್ಲಿ ತಾವು ಆಡುವ ಕನ್ನಡವನ್ನೇ ಯಾಕೆ ಬರೆಯಬೇಕೆಂದು ಇಪ್ಪತ್ತು ನಿಮಿಷ ಮಾತಾಡಿದಳು. ಏನು ಹೇಳಿದಳೋ ಅವಳಿಗೇ ನೆನಪಿಲ್ಲ. ಚಪ್ಪಾಳೆ ಮಾತ್ರ ಬಹಳ ಹೊತ್ತು ಕೇಳಿಸಿತು. ಗೋಡೆಗೊರಗಿ ನಿಂತ ಒಬ್ಬನ ಮುಖ ಮಾತ್ರ ಕಂಡಿತು.

ಮಾತು ಮುಗಿದ ಮೇಲೆ ಅವಳೇ ಅವನನ್ನು ಹುಡುಕಿಕೊಂಡು ಹೋದಳು. ಅವನು ಭವನದ ಪಕ್ಕದ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಎದುರಿಗೆ ಮಧ್ಯಾಹ್ನದ ಬಿಸಿಲಲ್ಲಿ ಬಂಡೆ ಬೆಟ್ಟ.

"ನಿಮ್ಮ ಅಮ್ಮಿನ ನಮ್ಮನೇಗೆ ಕಳ್ಸಿದ್ದು ಯಾರು?" ಎಂದು ಕೇಳಿದಳು, ನಿಂತೇ.

"ನಾನೇ."

"ಮತ್ತೆ ನನಗೆ 'ನಿರಾಕರಿಸುವುದೇ ಸೂಕ್ತ' ಅಂತ ಬರೆದಿದ್ದು?"

"ಅದೂ ನಾನೇ."

"ಯಾಕೆ?"

ಅವನು ಉಗುರಿನ ಅರಗನ್ನು ಕೆರೆದ. "ಮೇಷ್ಟ್ರೇ ಅಂತಿದ್ರಿ, ಗೌರವಕ್ಕೆ ಅಂದ್ಕೊಂಡಿದ್ದೆ. ಮುದುಕ ಅಂದ್ಕೊಂಡಿದೀರ ಅಂತ ಆ ದಿನವೇ ಗೊತ್ತಾಗಿದ್ದು. 'ನಿಮ್ಮ ಮಗಳಾಗಿದ್ದರೆ' ಅಂತ ಕೇಳಿದ್ರಲ್ಲ... ನಾಲ್ಕು ಗಂಟೆ ಫೋನ್ ಹಿಡ್ಕೊಂಡು ಕೂತಿದ್ದೆ ಸಫೂರಾ. ಆ ಹುಡುಗ ನಾನೇ ಅಂತ ಟೈಪ್ ಮಾಡ್ದೆ, ಅಳಿಸ್ದೆ. ಒಪ್ಕೊಳ್ಳಿ ಅಂತ ಬರೆದ್ರೆ ನಿಮ್ಮ ನಂಬಿಕೆಗೆ ಮೋಸ. ತಂದೆ ಥರ ಕೇಳಿದ ಪ್ರಶ್ನೆಗೆ ನನ್ನ ಆಸೆ ಉತ್ತರ ಕೊಡಬಾರ್ದಲ್ವಾ?"

ತನಗೆ ಬೇಕಾದವಳನ್ನು ತನ್ನ ಕೈಯಾರೆ ಕಳೆದುಕೊಂಡು 'ಸೂಕ್ತ' ಎಂದು ಬರೆದನಲ್ಲ ಈ ಪುಣ್ಯಾತ್ಮ! ಇವನ ಮೇಲೆ ಸಿಟ್ಟು ಮಾಡುವುದೋ, ಇವನನ್ನು ಅಪ್ಪಿಕೊಂಡು ಅಳುವುದೋ...

ಅವಳು ಅವನ ಪಕ್ಕದಲ್ಲಿ ಕೂತಳು. ಒಂದು ಮೊಳದ ಅಂತರ ಬಿಟ್ಟು.

"ಇವತ್ತು ತಂದೆ ಥರ ಕೇಳ್ತಿಲ್ಲ. ಈಗ ಹೇಳಿ."

"ನೀವು ಬೇಕು," ಎಂದ ಫರ್ಹಾನ್. "ಎರಡು ವರ್ಷದಿಂದ ಬೇಕು. ನೀವು ಪದ ಕಳ್ಸದೆ ಇದ್ದ ದಿನ ನನಗೆ ಕೆಲಸಾನೇ ಓಡ್ತಿರ್ಲಿಲ್ಲ."

"ಇನ್ನೊಂದ್ಸಲ ಹೇಳಿ."

"ನೀವು ಬೇಕು ಸಫೂರಾ."

ಅವಳು ಅತ್ತಳು, ನಕ್ಕಳು, ದುಪಟ್ಟಾದಲ್ಲಿ ಮೂಗು ಒರೆಸಿಕೊಂಡಳು. "ನಂಗೂ ನೀವು ಬೇಕು. ನಾಳೇನೇ ನಿಮ್ಮ ಅಮ್ಮಿನ ಇನ್ನೊಂದ್ಸಲ ಕಳ್ಸಿ. ಈ ಸಲ ಬಾಗ್ಲು ತೆಗೆಯೋಳು ನಾನೇ."

ಅವನು ತಲೆಯಾಡಿಸಿದ. ಆಮೇಲೆ ಅವಳ ಮುಖ ಸಣ್ಣಗೆ ಬಾಡಿದ್ದನ್ನು ಕಂಡು ಗಾಬರಿಯಾದ.

"ಏನಾಯ್ತು?"

"ಮೇಷ್ಟ್ರು ಇಲ್ವಲ್ಲ ಇನ್ಮೇಲೆ. ಅಳು ಬಂದ್ರೆ, ಬೇಜಾರಾದ್ರೆ... ಯಾರಿಗೆ ಬರೀಲಿ?"

ಫರ್ಹಾನ್ ಆ ಒಂದು ಮೊಳ ಅಂತರವನ್ನು ದಾಟಿ ಅವಳ ಕೈ ಹಿಡಿದುಕೊಂಡ.

"ಬರೀಬ್ಯಾಡಿ. ಪಕ್ಕದಲ್ಲಿ ಕೂತ್ಕೊಂಡು ಹೇಳಿ. ಕೇಳ್ತೀನಿ."

"ಎಲ್ಲಾನೂ?"

"ಎಲ್ಲಾನೂ."

"ನಿಮ್ಮ ಮೇಲಿರೋ ಸಿಟ್ಟೂ?"

"ಮೊದ್ಲು ಅದನ್ನೇ ಹೇಳಿ."