ಓಬಳೇಶನ ಗೂಡು

ಕಾವ್ಯ ನೆಂಟರ ಜೊತೆ ಹಾಲುರಾಮೇಶ್ವರಕ್ಕೆ ಹೋಗಿದ್ದಳು. ಮಾರನೆ ದಿನ ಬೆಳಗಿನ ಬಸ್ಸಿಗೆ ಹೊಸದುರ್ಗಕ್ಕೆ ಮರಳಿ ಮನೆ ಬಾಗಿಲು ತಳ್ಳಿದಳು. ಚಿಲಕ ಹಾಕಿರಲಿಲ್ಲ. ನಡುಮನೆಯಲ್ಲಿ ಫ್ಯಾನ್ ತನ್ನ ಪಾಡಿಗೆ ತಿರುಗುತ್ತಿತ್ತು. ಅದರ ಕೆಳಗೆ ಗಂಡ ಓಬಳೇಶ್ ಬೋರಲು ಬಿದ್ದಿದ್ದ. ತಲೆಯ ಹಿಂಭಾಗದ ರಕ್ತ ಒಣಗಿ ಕಪ್ಪಾಗಿತ್ತು.

ಸಬ್ ಇನ್ಸ್‌ಪೆಕ್ಟರ್ ಮಮತಾ ಬರುವ ಹೊತ್ತಿಗೆ ಓಣಿಯೆಲ್ಲ ಬಾಗಿಲಿಗೆ ಬಂದು ನಿಂತಿತ್ತು. ಆಕೆ ಹೆಣದ ಪಕ್ಕ ಮಂಡಿಯೂರಿದಳು. ಹೊಡೆದದ್ದು ಹಿಂದಿನಿಂದ. ಹೊಡೆದ ವಸ್ತು ಮೂಲೆಯಲ್ಲೇ ಇತ್ತು. ಕೆಟ್ಟುಹೋದ ಹಳೆಯ ಯುಪಿಎಸ್. ಯಾರೋ ಬಟ್ಟೆಯಿಂದ ಒರೆಸಿಟ್ಟಿದ್ದರು. ಬೀರು ಹಾಗೇ ಇತ್ತು. ಕಾವ್ಯಳ ಸರ ಹಾಗೇ ಇತ್ತು.

"ಏನಾದ್ರೂ ಹೋಗೈತೇನಮ್ಮ?"

ಕಾವ್ಯ ಒಳಕೋಣೆಯ ಅಟ್ಟದ ಕಡೆ ಕೈ ತೋರಿಸಿದಳು. ಅಲ್ಲಿಂದ ಎರಡು ವೈರು ಜೋತಾಡುತ್ತಿದ್ದವು. "ಸರ್ವರ್ ಇಲ್ಲ."

ಮಮತಾ ಮೇಜಿನ ಕೆಳಗೆ ನೋಡಿದಳು. ದೊಡ್ಡದೊಂದು ಸಿಪಿಯು ಕೂತಿತ್ತು. "ಇದಲ್ವಾ?"

"ಅದು ಹಳೇದು. ಹೊಸದು ಕೊರಿಯರಲ್ಲಿ ಬಂದಿತ್ತು, ಟಿಫಿನ್ ಡಬ್ಬಿ ಇರುತ್ತಲ್ಲ, ಅಷ್ಟೇ. ನಾನು ಹಾಲುರಾಮೇಶ್ವರಕ್ಕೆ ಹೊರಟಾಗ ಇನ್ನೂ ರಟ್ಟು ಬಿಚ್ಚಿರಲಿಲ್ಲ. ನಿನ್ನೆ ಮಧ್ಯಾಹ್ನ ಫೋನ್ ಮಾಡಿ, ಎಲ್ಲಾ ಹೊಸದಕ್ಕೆ ಹಾಕಿ ಅಟ್ಟದ ಮೇಲೆ ಇಟ್ಟೆ ಅಂದ್ರು. ಖುಷಿಯಾಗಿದ್ರು."

ಮಮತಾ ಹೊರಬಂದು ಪೇದೆ ತಿಪ್ಪೇಶನ ಕಿವಿಯಲ್ಲಿ ಹೇಳಿದಳು. "ಕಂಪ್ಯೂಟರ್ ಕಳವಾಗೈತೆ ಅಂತ ಮಾತ್ರ ಹೇಳು. ಎಂಥದ್ದು, ಎಲ್ಲಿತ್ತು ಅಂತ ಬಾಯಿ ಬಿಡಬೇಡ."

"ಆಯ್ತು ಮೇಡಂ. ಇದೂ ಕುರಿಗಾಹಿ ಗುಡ್ಡಪ್ಪನ ಕೇಸಿನ ಥರ ಆಗದಿದ್ರೆ ಸಾಕು."

ಹೊಳಲ್ಕೆರೆ ರಸ್ತೆಯಲ್ಲಿ ಗುಡ್ಡಪ್ಪನಿಗೆ ಗಾಡಿ ಗುದ್ದಿ ಹೋಗಿ, ಅವನು ಸತ್ತು ತಿಂಗಳುಗಳೇ ಕಳೆದಿದ್ದವು. ಗುದ್ದಿದವನು ಸಿಕ್ಕಿರಲಿಲ್ಲ. ನೋಡಿದವರು ಯಾರೂ ಇರಲಿಲ್ಲ, ಕುರಿಗಳನ್ನು ಬಿಟ್ಟರೆ.

* * *

ಓಬಳೇಶನದು ಕಂಪ್ಯೂಟರ್ ರಿಪೇರಿ ಅಂಗಡಿ. ಅವನಿಗೊಂದು ಗೀಳಿತ್ತು. ನಮ್ಮ ಫೋಟೊ, ನಮ್ಮ ವಿಡಿಯೊ ದೂರದ ಯಾವುದೋ ಕಂಪನಿಯ ಮೆಷಿನ್‌ನಲ್ಲಿ ಯಾಕಿರಬೇಕು? ನಮ್ಮ ಮನೆಯಲ್ಲೇ ಇರಲಿ. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಒಳಗೇನಿದೆ ಅಂತ ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಹೀಗೆ ಶುರುವಾದದ್ದಕ್ಕೆ 'ಗೂಡು' ಅಂತ ಹೆಸರಿಟ್ಟ. ಗೆಳೆಯರು, ನೆಂಟರು, ಓಣಿಯವರು ತಮ್ಮ ಫೋನುಗಳನ್ನು ಅದಕ್ಕೆ ಜೋಡಿಸಿಕೊಂಡರು. ತೆಗೆದ ಫೋಟೊ ತಾನಾಗಿಯೇ ಓಬಳೇಶನ ಮನೆ ಸೇರುತ್ತಿತ್ತು.

ಮಮತಾ ಅವರನ್ನು ಒಬ್ಬೊಬ್ಬರಾಗಿ ಮಾತಾಡಿಸಿದಳು.

ನಿವೃತ್ತ ನರ್ಸ್ ಅನ್ನಪೂರ್ಣಮ್ಮ ಕಣ್ಣೊರೆಸಿಕೊಂಡರು. "ನಮ್ಮ ಯಜಮಾನರ ಕೊನೇ ವಿಡಿಯೊ ಎಲ್ಲ ಅದರಾಗೇ ಐತಮ್ಮ. ಫೋನಿನ ಕಂಪನಿಯೋರು ಜಾಗ ತುಂಬೈತೆ, ತಿಂಗಳಾ ದುಡ್ಡು ಕಟ್ಟಿ, ಇಲ್ದಿದ್ರೆ ಹೊಸದು ತಗಳಲ್ಲ ಅಂದ್ರು. ಓಬಳೇಶ ಬಂದು, ನನ್ನ ಹತ್ರ ಇರ್ಲಿ ಬಿಡ್ರಿ ಅಂದ. ಅಂಥವನನ್ನ ಯಾರು ಹೊಡೆದ್ರೋ."

ಟೈಲ್ಸ್ ಅಂಗಡಿಯ ಶಿವರಾಜ್ ಓಬಳೇಶನ ಶಾಲಾದಿನಗಳ ಗೆಳೆಯ. ಅವನ ಮುಖ ಬಾಡಿತ್ತು. ಕುರ್ಚಿ ಎಳೆದು ಹಾಕಿದ.

"ಕುಂತ್ಕಳ್ರಿ ಮೇಡಂ. ನಾನು ಅವನನ್ನ ನೋಡಿ ವಾರ ಆಗಿತ್ತು. ವ್ಯಾಪಾರದ ಗಡಿಬಿಡಿ."

"ನಿಮ್ಮ ಫೋಟೊನೂ ಅವನ ಹತ್ರ ಇದ್ವಾ?"

"ಇದ್ವು. ಅವನೇ ಹಾಕಿಕೊಟ್ಟಿದ್ದ. ನಿಜ ಹೇಳಬೇಕಂದ್ರೆ ನನಗೆ ಅಷ್ಟು ಮನಸ್ಸಿರಲಿಲ್ಲ. ಕಂಪನಿಯವನು ನೋಡಿದ್ರೂ ಅವನಿಗೆ ನಮ್ಮ ಗುರುತಿಲ್ಲ. ಊರೋನು ಹಂಗಲ್ಲ ನೋಡ್ರಿ." ತಲೆ ಅಲ್ಲಾಡಿಸಿದ. "ಕೈಯಲ್ಲಿ ಹಿಡಿಯೋವಷ್ಟು ಡಬ್ಬಿ. ಅದಕ್ಕೆ ಒಂದು ಜೀವ ತೆಗೀತಾರಾ?"

"ಅವನಿಗೆ ಆಗದವರು ಯಾರಾದ್ರೂ?"

"ದುರ್ಗದ ಮುರುಗೇಶ್. ಹೊಳಲ್ಕೆರೆಯಲ್ಲಿ ಜನರ ಮುಂದೇನೇ ಅಂದಿದ್ದ, ನಿನ್ನ ಸರ್ವರ್ ಕಿತ್ತು ಬಿಸಾಕ್ತೀನಿ ಅಂತ."

* * *

ಮಾರನೆ ಬೆಳಿಗ್ಗೆ ಮಮತಾ ಚಿತ್ರದುರ್ಗಕ್ಕೆ ಹೋದಳು. ಮುರುಗೇಶನ ಆಫೀಸು ಬಸ್ ನಿಲ್ದಾಣದ ಹತ್ತಿರದ ಕಟ್ಟಡದ ಮೊದಲ ಮಹಡಿಯಲ್ಲಿತ್ತು. ಕಿಟಕಿಯ ಆಚೆ ಕೋಟೆಯ ಬಂಡೆಗಳು ಮೋಡದ ಕೆಳಗೆ ಕಪ್ಪಗೆ ಕೂತಿದ್ದವು. ಶಾಲೆ, ಆಸ್ಪತ್ರೆಗಳಿಗೆ ಕಂಪನಿಯ ಸಾಫ್ಟ್‌ವೇರ್ ಮಾರುವುದು ಅವನ ಕಸುಬು. ಹೊಳಲ್ಕೆರೆಯ ಒಂದು ಶಾಲೆ ಅವನನ್ನು ಬಿಟ್ಟು ಓಬಳೇಶನ ಕಡೆ ಹೋಗಿತ್ತು.

"ಅಂದಿದ್ದೆ. ಇಲ್ಲ ಅನ್ನಲ್ಲ," ಅಂದ ಮುರುಗೇಶ್. "ಸಿಟ್ಟು ಬಂದಿತ್ತು. ಪುಕ್ಕಟೆ ಸಾಫ್ಟ್‌ವೇರ್ ಅಂದ್ರೆ ಏನು ಮೇಡಂ? ಯಾವುದೋ ದೇಶದಲ್ಲಿ ಯಾರೋ ಪುಣ್ಯಾತ್ಮ ಬಿಡುವಿದ್ದಾಗ ಬರೆದಿದ್ದು. ನಾಳೆ ಕೆಟ್ರೆ ಯಾರನ್ನ ಕೇಳ್ತೀರಿ? ನಮ್ಮದಾದ್ರೆ ಫೋನ್ ನಂಬರ್ ಐತೆ, ಬೈಯಕ್ಕೆ ಒಬ್ಬ ಮನುಷ್ಯ ಇದಾನೆ."

"ಅವನು ಏನಂತಿದ್ದ?"

"ನಿಮ್ಮ ಕಂಪನಿ ರೇಟ್ ಏರಿಸಿದ್ರೆ, ಬಾಗಿಲು ಹಾಕಿದ್ರೆ, ಮಕ್ಕಳ ಮಾರ್ಕ್ಸು ಯಾರ ಹತ್ರ ಉಳೀತವೆ ಅಂತಿದ್ದ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಅದಕ್ಕೇ ಸಿಟ್ಟು ಬಂದಿದ್ದು." ಅವನು ಕಿಟಕಿಯ ಕಡೆ ತಿರುಗಿದ. "ಒಳ್ಳೆಯವನು. ಒಂಟಿಯಾಗಿ ಊರಿನ ಭಾರ ಎಲ್ಲಾ ತಲೆ ಮೇಲೆ ಹಾಕ್ಕಂಡಿದ್ದ."

"ಮೊನ್ನೆ ಸಂಜೆ ಎಲ್ಲಿದ್ರಿ?"

"ಹಿರಿಯೂರಲ್ಲಿ. ಒಂದು ನರ್ಸಿಂಗ್ ಹೋಮಿನಲ್ಲಿ ಮೆಷಿನ್ ಹಾಕ್ತಿದ್ದೆ. ಅಲ್ಲಿನ ಕ್ಯಾಮೆರಾ ನೋಡ್ರಿ. ಅಲ್ಲಾ ಮೇಡಂ, ಆ ದೊಡ್ಡ ಸಿಪಿಯು ಹೊತ್ಕೊಂಡು ಓಣಿ ತುಂಬ ಓಡಾಡಕ್ಕೆ ನಾನೇನು ಹಮಾಲಿನಾ?"

ಮಮತಾ ಏಳಲು ಹೊರಟವಳು ಹಾಗೇ ಕೂತಳು.

"ದೊಡ್ಡ ಸಿಪಿಯು?"

"ಹೂಂ. ಮೇಜಿನ ಕೆಳಗೆ ಇರುತ್ತಲ್ಲ. ಅವನ ಮನೆಗೆ ಹೋದೋರೆಲ್ಲ ನೋಡಿದಾರೆ."

* * *

ಹಿರಿಯೂರಿನ ಕ್ಯಾಮೆರಾ ಮುರುಗೇಶನ ಮಾತನ್ನೇ ಹೇಳಿತು. ಅವನು ಅಲ್ಲೇ ಇದ್ದ.

ಜೀಪಿನಲ್ಲಿ ತಿಪ್ಪೇಶ್ ಬೇಸರದಿಂದ ಅಂದ. "ಇದೂ ಹೋಯ್ತು."

"ಹೋಗಿಲ್ಲ. ಕಳವಾದದ್ದು ಡಬ್ಬಿ ಅಂತ ನೀನು ಯಾರಿಗಾದ್ರೂ ಹೇಳಿದ್ಯಾ?"

"ದೇವರಾಣೆ ಇಲ್ಲ."

ಮಮತಾ ಕಾವ್ಯಳಿಗೆ ಫೋನ್ ಮಾಡಿದಳು. ಕಾವ್ಯ ಉತ್ತರಿಸಿದಳು. ಇಲ್ಲ, ತಾನೂ ಯಾರಿಗೂ ಹೇಳಿಲ್ಲ. ಬಂದವರ ಹತ್ತಿರ ಮಾತಾಡುವ ಸ್ಥಿತಿಯಲ್ಲೇ ಇರಲಿಲ್ಲ. ಆಮೇಲೆ ತಾನಾಗಿಯೇ ಒಂದು ಮಾತು ಸೇರಿಸಿದಳು.

"ಮೇಡಂ, ಗೂಡು ಪೂರ್ತಿ ಹೋಗಿಲ್ಲ. ಒಂದೇ ಮನೇಲಿ ಇಟ್ರೆ ಬೆಂಕಿ ಬಿದ್ರೆ ಗತಿ ಏನು ಅಂತಿದ್ರು. ಯಲ್ಲದಕೆರೆಯಲ್ಲಿ ನಮ್ಮಣ್ಣ ಮುದ್ದಣ್ಣನ ಮನೇಲಿ ಇನ್ನೊಂದು ಮೆಷಿನ್ ಐತೆ. ದಿನಾ ಅದಕ್ಕೆ ನಕಲು ಹೋಗುತ್ತೆ."

ಜೀಪು ಯಲ್ಲದಕೆರೆಗೆ ತಿರುಗಿತು. ಮುದ್ದಣ್ಣ ಈರುಳ್ಳಿ ಚೀಲಗಳ ಹಿಂದೆ, ಗೋಡೆಗೂಡಿನಲ್ಲಿ ಮಿಣುಕುತ್ತಿದ್ದ ಪೆಟ್ಟಿಗೆಯನ್ನು ತೋರಿಸಿದ. ತಂಗಿ ಗಂಡನ ಸುದ್ದಿ ಕೇಳಿದ ಮೇಲೂ ಅದನ್ನು ಆರಿಸಲು ಅವನಿಗೆ ಕೈ ಬಂದಿರಲಿಲ್ಲ.

ಅದನ್ನು ಠಾಣೆಗೆ ತಂದು, ಕಾವ್ಯಳನ್ನು ಕರೆಸಿ, ಪರದೆಗೆ ಜೋಡಿಸಿದರು. ಮನೆಗೊಂದರಂತೆ ಹೆಸರುಗಳು ಸಾಲಾಗಿ ಕಂಡವು. ಮಮತಾ ಶಿವರಾಜನ ಹೆಸರಿನ ಮೇಲೆ ಒತ್ತಿದಳು. ಪಾಸ್‌ವರ್ಡ್ ಕೇಳಿತು.

"ಇದು ಓಬಳೇಶ್‌ಗೆ ಗೊತ್ತಿತ್ತಾ?"

"ಇಲ್ಲ," ಅಂದಳು ಕಾವ್ಯ. "ಅವರವರದು ಅವರಿಗೇ. ಇವರು ಬಯಸಿದ್ರೂ ತೆಗೆಯಕ್ಕೆ ಆಗದಂಗೆ ಬೀಗ ಮಾಡಿದ್ರು. ಊರೋರು ನನ್ನ ನಂಬಿ ಕೊಟ್ಟಿದಾರೆ, ನನ್ನನ್ನ ನಾನೇ ನಂಬಬಾರದು ಅಂತಿದ್ರು."

* * *

ಮಮತಾ ಕರೆಸಿದ್ದಕ್ಕೆ ಮಧ್ಯಾಹ್ನ ಶಿವರಾಜ್ ಠಾಣೆಗೆ ಬಂದ. ಇಸ್ತ್ರಿ ಅಂಗಿ. ಕೆಂಪು ಕಣ್ಣು. ಮಮತಾ ಅವನೆದುರು ಪೆಟ್ಟಿಗೆ ಇಟ್ಟಳು.

"ಇದು ಗೂಡಿನ ನಕಲು. ಯಲ್ಲದಕೆರೆಯಲ್ಲಿತ್ತು."

ಶಿವರಾಜ್ ಪೆಟ್ಟಿಗೆಯನ್ನೇ ನೋಡಿದ. ಆಮೇಲೆ ಕೇಳಿದ. "ಫೋನಿನಿಂದ ಅಳಿಸಿದ್ದು... ಅದರಾಗೂ ಇರುತ್ತಾ?"

ಬಾಗಿಲಲ್ಲಿದ್ದ ತಿಪ್ಪೇಶ್ ಒಂದು ಹೆಜ್ಜೆ ಒಳಗೆ ಬಂದ.

"ಏನು ಅಳಿಸಿದ್ರಿ ಶಿವರಾಜ್?"

"ಸುಮ್ಮನೆ ಕೇಳಿದೆ."

"ಹಂಗಾದ್ರೆ ನಾನು ಹೇಳ್ತೀನಿ, ಕೇಳ್ರಿ. ಓಬಳೇಶನ ಮನೆಗೆ ಹೋದೋರೆಲ್ಲ ನೋಡಿದ್ದು ದೊಡ್ಡ ಸಿಪಿಯು. ಮುರುಗೇಶ್‌ಗೂ ಅದೇ ಗೊತ್ತು. ಡಬ್ಬಿ ಅಟ್ಟ ಹತ್ತಿದ್ದು ಕೊಲೆಯಾದ ದಿನ ಮಧ್ಯಾಹ್ನ. ವಾರದಿಂದ ಅವನನ್ನ ನೋಡಿಲ್ಲ ಅಂದ ನೀವು, ಕೈಯಲ್ಲಿ ಹಿಡಿಯೋವಷ್ಟು ಡಬ್ಬಿ ಅಂದ್ರಿ. ಯಾವ ಕೈಯಲ್ಲಿ ಹಿಡಿದ್ರಿ?"

ಶಿವರಾಜ್ ತನ್ನ ಅಂಗೈಗಳನ್ನು ಮೇಜಿನ ಕೆಳಗೆ ಇಳಿಸಿದ.

"ಕಳ್ಳ ಬೀರು ಮುಟ್ಟಿಲ್ಲ. ಹಳೇ ಸಿಪಿಯು ಮುಟ್ಟಿಲ್ಲ. ಬೇಕಾದದ್ದು ಎಲ್ಲೈತೆ ಅಂತ ಅವನಿಗೆ ಸರಿಯಾಗಿ ಗೊತ್ತಿತ್ತು. ಅಂದ್ರೆ ಓಬಳೇಶನೇ ತೋರಿಸಿದಾನೆ. ಬೆನ್ನು ತಿರುಗಿಸಿ ನಿಂತಿದಾನೆ. ಗೆಳೆಯ ಅಂತ. ಒಳಗಿನ ಫೋಟೊಗೆ ಹೆದರಿದವನು ಮಾತ್ರ ಡಬ್ಬಿ ಒಯ್ತಾನೆ. ಪಾಸ್‌ವರ್ಡ್ ನೀವೇ ಹಾಕ್ತೀರೋ, ಕೋರ್ಟಿನಿಂದ ಆದೇಶ ತರಲೋ?"

ಹೊರಗೆ ಯಾರದೋ ಲೂನಾ ಕೆಮ್ಮುತ್ತ ಹೋಯಿತು. ಶಿವರಾಜ್ ಮುಖ ಮುಚ್ಚಿಕೊಂಡ. ಆಮೇಲೆ ಮಾತು ತಾನಾಗಿಯೇ ಹೊರಬಂತು.

ಹೊಳಲ್ಕೆರೆಯಿಂದ ಬರುವಾಗ ಅವನ ಗಾಡಿ ಗುಡ್ಡಪ್ಪನಿಗೆ ಗುದ್ದಿತ್ತು. ನಿಲ್ಲಿಸಲಿಲ್ಲ. ಮಾರನೆ ದಿನ ಗೋಡೌನಿನಲ್ಲಿ ಗಾಡಿಯ ಮೂತಿಯ ಫೋಟೊ ತೆಗೆದು, ದೂರದ ಗ್ಯಾರೇಜಿಗೆ ಕಳಿಸಿ, ಇದಕ್ಕೆ ಬಿಡಿಭಾಗ ಸಿಗುತ್ತಾ ಅಂತ ಕೇಳಿದ್ದ. ಕಳಿಸಿದ ಮೇಲೆ ಫೋಟೊವನ್ನು ದೊಡ್ಡದು ಮಾಡಿ ನೋಡಿದ. ಒಡೆದ ಲೈಟಿಗೆ ಗುಡ್ಡಪ್ಪನ ಕರಿ ಕಂಬಳಿಯ ಎಳೆಗಳು ಸಿಕ್ಕಿಕೊಂಡಿದ್ದವು. ಎಳೆಗಳನ್ನು ಕಿತ್ತ. ಫೋಟೊ ಅಳಿಸಿದ. ಗೂಡು ಅವನಿಗೆ ನೆನಪೇ ಇರಲಿಲ್ಲ.

"ಮೊನ್ನೆ ಸಂಜೆ ಹೋಗಿದ್ದೆ. ಹೊಸ ಡಬ್ಬಿ ಇಳಿಸಿ ತೋರಿಸಿದ. ಫೋನಲ್ಲಿ ಅಳಿಸಿದ್ದೂ ಇಲ್ಲಿ ಇರುತ್ತೆ ಕಣಲೇ, ನನ್ನ ಕೈಯಿಂದ ಯಾವುದೂ ತಪ್ಪಿಸ್ಕೊಳ್ಳಲ್ಲ ಅಂದ. ನಕ್ಕ. ನೋಡ್ಬಿಟ್ಟಿದಾನೆ, ಅದಕ್ಕೇ ನಗ್ತಿದಾನೆ ಅನ್ನಿಸ್ತು. ಡಬ್ಬಿ ಮೇಲಿಟ್ಟು ಟೀ ಮಾಡ್ತೀನಿ ಅಂತ ಆ ಕಡೆ ತಿರುಗಿದ. ಮುಂದೆ ನನಗೇ ಗೊತ್ತಾಗಲಿಲ್ಲ."

"ಡಬ್ಬಿ?"

"ಕಲ್ಲು ಕ್ವಾರಿ ನೀರಿಗೆ ಎಸೆದೆ."

"ಅವನು ನೋಡಿರಲಿಲ್ಲ ಶಿವರಾಜ್."

ಅವನು ತಲೆಯೆತ್ತಿದ.

"ನೋಡಕ್ಕೆ ಆಗ್ತಿರಲಿಲ್ಲ. ನಿಮ್ಮ ಬೀಗದ ಕೀ ನಿಮ್ಮ ಹತ್ರ ಮಾತ್ರ ಇತ್ತು."

"ಹೇಳಿದ್ದ," ಅಂದ ಶಿವರಾಜ್, ಕೇಳಿಸದಷ್ಟು ಮೆಲ್ಲಗೆ. "ಮೆಷಿನ್ ಅವನದು, ಮನೆ ಅವನದು. ಯಾರು ನಂಬ್ತಾರೆ ಅಂದ್ಕಂಡೆ."

ಅವನು ಪಾಸ್‌ವರ್ಡ್ ಒತ್ತಿದ. ಮಗಳ ಹುಟ್ಟುಹಬ್ಬ, ಟೈಲ್ಸಿನ ಸ್ಯಾಂಪಲ್ಲು, ಯಾರದೋ ಮದುವೆ. ಅವುಗಳ ನಡುವೆ ಒಡೆದ ಲೈಟು, ಕರಿ ಎಳೆ.

* * *

ಮಮತಾ ಮೊದಲು ಗುಡ್ಡಪ್ಪನ ಹಟ್ಟಿಗೆ ಹೋದಳು. ಅವನ ಹೆಂಡತಿ ತಿಪ್ಪಮ್ಮ ಕುರಿಗಳಿಗೆ ನೀರು ಬಿಡುತ್ತಿದ್ದಳು. ಎಲ್ಲ ಕೇಳಿಸಿಕೊಂಡಳು. "ಗಾಡಿ ನಿಲ್ಸಿದ್ರೆ ಉಳೀತಿದ್ನಾ?" ಅಂತ ಒಂದೇ ಮಾತು ಕೇಳಿದಳು. ಡಾಕ್ಟರ ವರದಿ ಮಮತಾಗೆ ಗೊತ್ತಿತ್ತು. ಉಳಿಯುತ್ತಿದ್ದನೇನೋ ಅಂದಳು. ತಿಪ್ಪಮ್ಮ ಮತ್ತೆ ನೀರಿನ ಕಡೆ ತಿರುಗಿದಳು.

ಸಂಜೆ ಕಾವ್ಯಳ ಮನೆಗೆ ಬಂದಾಗ ಬಾಗಿಲಲ್ಲಿ ಚಪ್ಪಲಿಗಳಿದ್ದವು. ಯಲ್ಲದಕೆರೆಯ ಪೆಟ್ಟಿಗೆಯಲ್ಲಿದ್ದ ಉಳಿದವರ ಫೋಟೊಗಳನ್ನು ಪೊಲೀಸರು ಆಗಲೇ ವಾಪಸು ಕೊಟ್ಟಿದ್ದರು. ಜನ ಪೆನ್‌ಡ್ರೈವ್ ಹಿಡಿದು ಬಂದಿದ್ದರು. ನಮ್ಮದು ನಮಗೆ ಕೊಟ್ಬಿಡಮ್ಮ, ಇಷ್ಟೆಲ್ಲ ಆದ ಮೇಲೆ ಬೇಡ ಅನ್ನುತ್ತಿದ್ದರು. ಯಾರೂ ಅವಳ ಮುಖ ನೋಡುತ್ತಿರಲಿಲ್ಲ. ಕಾವ್ಯ ಅವರವರಿಂದಲೇ ಪಾಸ್‌ವರ್ಡ್ ಒತ್ತಿಸಿ ಒಬ್ಬೊಬ್ಬರದನ್ನೂ ನಕಲು ಮಾಡಿ ಕೊಟ್ಟು ಕಳಿಸಿದಳು.

ಎಲ್ಲರೂ ಹೋದ ಮೇಲೆ ಮಮತಾ ನಡೆದದ್ದನ್ನು ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ.

ಕಾವ್ಯ ಅಳಲಿಲ್ಲ. ಪರದೆಯ ಮುಂದೆ ಕೈಕಟ್ಟಿ ಕೂತೇ ಇದ್ದಳು.

"ಹಂಗಾದ್ರೆ, ಅವರು ಆ ಫೋಟೊ ಅವತ್ತೇ ನೋಡಿದ್ರೆ ನೆಟ್ಟಗೆ ನಿಮ್ಮ ಹತ್ರ ಬರ್ತಿದ್ರು, ಅಲ್ವಾ ಮೇಡಂ? ಶಿವರಾಜ್ ಆಗಲೇ ಜೈಲಿನಲ್ಲಿ ಇರ್ತಿದ್ದ."

"ಹೌದು."

"ಒಂದು ಸಲ ಕದ್ದು ನೋಡಿದ್ರೂ ಸಾಕಿತ್ತು. ಬದುಕಿರ್ತಿದ್ರು."

ಮಮತಾ ಟೊಪ್ಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಳು. ಬಾಗಿಲಲ್ಲಿ ಮತ್ತೊಬ್ಬರು ಬಂದು ಕೆಮ್ಮಿದರು. ಕಾವ್ಯ ಸೆರಗಿನಿಂದ ಮುಖ ಒರೆಸಿಕೊಂಡು, "ಬರ್ರಿ, ನಿಮ್ಮ ಹೆಸರೇನು ಹೇಳ್ರಿ," ಅಂತ ಎದ್ದಳು.