ಡೈರಿಯಲ್ಲಿ ಇಲ್ಲದ ಹೆಸರು

"ಇವತ್ತು ನನಗೆ ಡಬ್ಬಿ ಬೇಡ. ತನುಶ್ರೀಗೆ ಕೊಡು."

ಧಾರಿಣಿ ಊಟದ ಡಬ್ಬಿಯನ್ನು ಸುಶಾಂತನ ಕಡೆ ತಳ್ಳಿದಳು. ಎರಡು ವರ್ಷದಲ್ಲಿ ಇದೇ ಮೊದಲ ಸಲ!

ಸುಶಾಂತ್ ಕಕ್ಕಾಬಿಕ್ಕಿಯಾದ. ದೆಹಲಿಯ ಪೀತಮ್‌ಪುರದಲ್ಲಿ ಅವನ ಅಪ್ಪ-ಅಮ್ಮನ ಹೋಟೆಲು. ಹಾಸನದಿಂದ ಓದಲು ಬಂದು ದ್ವಾರಕಾದ ಪಿ.ಜಿ.ಯಲ್ಲಿದ್ದ ಧಾರಿಣಿಗೂ ಸೇರಿಸಿಯೇ ಲೋಲಾಕ್ಷಮ್ಮ ದಿನವೂ ಮಗನ ಕೈಗೆ ಎರಡು ಡಬ್ಬಿ ಕೊಡುತ್ತಿದ್ದರು.

"ನೀರುದೋಸೆ ಇದೆ ಯಾರ್. ಏನಾಯ್ತು?"

"ಏನೂ ಆಗಿಲ್ಲ."

ಏನೂ ಆಗಿಲ್ಲವಂತೆ! ಹೊಟ್ಟೆಕಿಚ್ಚಿನಲ್ಲಿ ಬೇಯುವವರ ಬಾಯಲ್ಲಿ ಬರುವುದು ಇದೇ ಮಾತು ತಾನೇ...

ಇಬ್ಬರೂ ಸಾರ್ವಜನಿಕ ಆರೋಗ್ಯದ ಪದವಿಯ ಮೂರನೇ ವರ್ಷದಲ್ಲಿದ್ದರು. ಜ್ವರ ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತದೆ ಎಂದು ಕಲಿಸಲು ಲೀಲಾವತಿ ಮೇಡಂ ಇಡೀ ತರಗತಿಯಿಂದ ಡೈರಿ ಬರೆಸಿದ್ದರು. ಒಂದು ವಾರ ಯಾರ ಜೊತೆ ಇದ್ದಿರಿ, ಎಷ್ಟು ಹೊತ್ತು, ಮುಟ್ಟಿದಿರಾ ಇಲ್ಲವಾ... ಹೆಸರು ತೆಗೆದು ನಂಬರು ಹಾಕಿ ಕಂಪ್ಯೂಟರಿಗೆ ತುಂಬುವ ಕೆಲಸ ಧಾರಿಣಿಯದು. ಓದಿದ್ದನ್ನು ಬಾಯಿ ಬಿಡಕೂಡದು ಎಂದು ಮೇಡಂ ಎಚ್ಚರಿಸಿದ್ದರು.

ನಿನ್ನೆ ಸುಶಾಂತನ ಡೈರಿ ಕೈಗೆ ಬಂದಿತ್ತು.

ಸೋಮವಾರ: ತನುಶ್ರೀ, ಎರಡು ಗಂಟೆ, ಮುಟ್ಟಿದ್ದು ಹೌದು. ಮಂಗಳವಾರವೂ ತನುಶ್ರೀ! ಶುಕ್ರವಾರದವರೆಗೂ ಅದೇ ತರಗತಿಯ ಆ ತನುಶ್ರೀ! ಟೀ ಮಾರುವ ಭಯ್ಯಾನ ಹೆಸರೂ ಇತ್ತು. ದಿನವೂ ಎದುರಿಗೆ ಕೂತು ಉಣ್ಣುವ ಧಾರಿಣಿಯ ಹೆಸರು ಮಾತ್ರ ಒಂದು ಕಡೆಯೂ ಇರಲಿಲ್ಲ.

'ಟೀ ಭಯ್ಯಾಗಿಂತ ಕಡೆಯಾದೆನಾ ನಾನು?'

ಮುಂದಿನ ಆರು ವಾರ ನೋಯ್ಡಾದಲ್ಲಿ ಕಾರ್ಮಿಕರು ವಾಸಿಸುವ ಬಸ್ತಿಯಲ್ಲಿ ಮನೆಮನೆಗೆ ಹೋಗಿ ಬಿಪಿ ನೋಡುವ ಸಮೀಕ್ಷೆ. ಸುಶಾಂತನ ಜೋಡಿಯಾಗಿ ಹೋಗಬೇಕಿದ್ದವಳು ಇವಳೇ. ಎಷ್ಟು ದಿನದಿಂದ ಕಾದಿದ್ದಳೋ! ಈಗ ಜೋಡಿ ಬದಲಿಸಿ ಎಂಬ ಅರ್ಜಿ ಅವಳ ಕೈಯಲ್ಲಿತ್ತು. ಮೂರು ಗಂಟೆಗೆ ಮೇಡಂ ಜೋಡಿಗಳ ಪಟ್ಟಿಗೆ ಸಹಿ ಹಾಕುವವರಿದ್ದರು.

"ಬಸ್ತಿಗೆ ನಾನು ಬರಲ್ಲ. ಐದು ದಿನ ಯಾರ ಕೈ ಹಿಡ್ಕೊಂಡು ಕೂತಿದ್ಯೋ ಅವಳನ್ನೇ ಕರ್ಕೊಂಡು ಹೋಗು."

ಅಂದಮೇಲೆ ನಾಲಿಗೆ ಕಚ್ಚಿಕೊಂಡಳು.

ಸುಶಾಂತ್ ಒಂದು ಕ್ಷಣ ಅವಳನ್ನೇ ನೋಡಿದ. "ಅಚ್ಛಾ... ಡೈರಿನಾ? ತನುಶ್ರೀ ನಂಗೆ ಬಿಪಿ ನೋಡೋದು ಹೇಳಿಕೊಡ್ತಿದ್ಲು. ತೋಳಿಗೆ ಪಟ್ಟಿ ಸುತ್ತೋವಾಗ ಮುಟ್ಟದೆ ಹೇಗೆ? ಬಸ್ತಿಯಲ್ಲಿ ನಿನ್ನ ಮುಂದೆ ಮರ್ಯಾದೆ ಹೋಗಬಾರದು ಅಂತ ಕಲಿತೆ."

"ಮತ್ತೆ ನನ್ನ ಹೆಸರು?"

"ಅದನ್ನ ಹೇಗೆ ಬರೀಲಿ? ಕುಟುಂಬದವರನ್ನ ಬಿಟ್ಟು ಬರೀರಿ ಅಂತ ಡೈರಿ ಮೇಲೇ ಇದೆಯಲ್ಲ."

"ನಾನು ನಿನ್ನ ಕುಟುಂಬಾನಾ?"

"ಒಂದೇ ಅಡುಗೆಮನೆಯ ಊಟ ಉಣ್ಣೋರು ಒಂದು ಕುಟುಂಬ. ಮೇಡಂ ಹೇಳಿಕೊಟ್ಟಿದ್ದೇ ಅಲ್ವಾ? ಎರಡು ವರ್ಷದಿಂದ ನೀನು ಯಾರ ಕೈ ಊಟ ಉಣ್ತಿದೀಯ?" ಅವನ ದನಿ ತಗ್ಗಿತು. "ನಿನ್ನನ್ನ ಹೊರಗಿನವಳು ಅಂತ ಬರೆಯೋಕೆ ಮನಸ್ಸು ಬರಲಿಲ್ಲ, ಧಾರಿಣಿ."

ಕುಟುಂಬದವರನ್ನು ಬಿಟ್ಟು ಬರೆಯಿರಿ ಎಂಬ ಆ ಸಾಲನ್ನು ಅರವತ್ತು ಡೈರಿಗಳಲ್ಲಿ ಓದಿದ್ದಳು. ತಾನೂ ಅದರೊಳಗೆ ಬರಬಹುದು ಎಂದು ಮಾತ್ರ ಹೊಳೆದಿರಲಿಲ್ಲ. ಕಣ್ಣು ತುಂಬಿ ಬಂತು. ಅರ್ಜಿಯನ್ನು ಹರಿದು ಹಾಕಿದಳು.

"ಇಷ್ಟ ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಹೆದರಿಕೆ. ನೀನು ಊಟಕ್ಕೆ ಬರೋದನ್ನೇ ಬಿಟ್ಟರೆ?"

"ಪೆದ್ದ. ಬರೀ ಊಟಕ್ಕೆ ಬರ್ತಿದ್ದೆ ಅಂದ್ಕೊಂಡಿದ್ಯಾ?" ಕಣ್ಣೊರೆಸಿಕೊಂಡು ಎದ್ದಳು. "ನಡಿ, ಮೇಡಂ ಹತ್ರ ಹೋಗಬೇಕು. ಡೈರಿ ಓದಿ ಜಗಳ ಆಡಿದೆ ಅಂತ ಒಪ್ಕೋತೀನಿ. ಬೈತಾರೆ."

"ಚಲೋ, ನಾನೂ ಬರ್ತೀನಿ."

"ತಪ್ಪು ನನ್ನದು. ನೀನ್ಯಾಕೆ?"

"ನೀನು ಬೈಸಿಕೊಂಡು ಹೊರಗೆ ಬರೋವಾಗ ಬಾಗಿಲಲ್ಲಿ ಯಾರಾದ್ರೂ ನಮ್ಮೋರು ಇರಬೇಕಲ್ವಾ?"